ನಾಲ್ಕನೆಯ ಋಣ

ನನ್ನ ತಮ್ಮನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಅಪ್ಪ ಹೋದ ಮೇಲೆ ಮುಂಬಯಿಯ ಮುಲುಂಡಿನ ನಮ್ಮ ಮನೆಯಲ್ಲಿ ಅವನ ಹೊಣೆ ನನ್ನದು. ಅವನಿಗಾಗಿ ಆದಾಯ ತೆರಿಗೆಯಲ್ಲಿ ಕಡಿತ ಪಡೆಯುತ್ತೇನೆಂದು ಗೊತ್ತಾದಾಗ ಅಮ್ಮ ತನ್ನ ಕುಂದಾಪುರದ ಮಾತಿನಲ್ಲೇ ಕೇಳಿದಳು: “ತಮ್ಮನ್ನ ಕಂಡ್ಕಂಬುಕೂ ಸರ್ಕಾರದ ಹತ್ರ ದುಡ್ಡ್ ಕೇಂಬುದಾ?”

ಅವಳು ಕೇಳಿದ್ದು ಧರ್ಮದ ಪ್ರಶ್ನೆ. ಫಲದ ಆಸೆ ಬಿಟ್ಟು ಕರ್ಮ ಮಾಡು ಎಂಬ ಗೀತೆಯ ಬೋಧೆಯನ್ನು ನಂಬಿ ಬದುಕಿದವಳು ಅವಳು. ಸೇವೆಯ ಲೆಕ್ಕ ಕೊಟ್ಟು ಹಣ ಉಳಿಸಿಕೊಂಡರೆ ಪುಣ್ಯ ಉಳಿಯುತ್ತದೆಯೇ ಎಂಬುದು ಅವಳ ಅಳಲು.

ಅದಕ್ಕೆ ಉತ್ತರ ನನಗೆ ಮೊದಲು ಸಿಕ್ಕಿದ್ದು ಕಾಯ್ದೆಯಲ್ಲೇ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಡಿಡಿ ಎಂದಿದ್ದ ಸೆಕ್ಷನ್ ಪ್ರಕಾರ, ಅವಲಂಬಿತರ ಅಂಗವೈಕಲ್ಯ ಶೇ. 40 ಅಥವಾ ಹೆಚ್ಚಿದ್ದರೆ 75,000 ರೂಪಾಯಿ, ಶೇ. 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಆದಾಯದಿಂದ ಕಳೆಯಬಹುದು. ಗಂಡ, ಹೆಂಡತಿ, ಮಕ್ಕಳು, ತಂದೆತಾಯಿಯರ ಜೊತೆ ಒಡಹುಟ್ಟಿದವರನ್ನೂ ಅದು ಸೇರಿಸಿಕೊಂಡಿದೆ. ವೈದ್ಯರ ಪ್ರಮಾಣಪತ್ರ ಬೇಕು, ಖರ್ಚು ಮಾಡಿರಬೇಕು. ಎಷ್ಟು ಮಾಡಿದಿರಿ ಎಂದು ಮಾತ್ರ ಅದು ಅಳೆಯುವುದಿಲ್ಲ. ಪಾರ್ಕಿನ್ಸನ್‌ನಂಥ ಕಾಯಿಲೆಗಳ ಕಡಿತದಲ್ಲಿ ನಿಜವಾಗಿ ಆದ ಖರ್ಚೇ ಲೆಕ್ಕ. ಇಲ್ಲಿ ಹಾಗಲ್ಲ. ರಾತ್ರಿಯಿಡೀ ಮಗ್ಗುಲು ಬದಲಿಸುವ ಅಕ್ಕನಿಗೂ ಹಗಲು ಉಣಿಸಿ ಕೂರಿಸುವ ಅಮ್ಮನಿಗೂ ಬೆಲೆ ಕಟ್ಟಲಾಗದು ಎಂಬುದನ್ನು ಈ ಸೆಕ್ಷನ್ ತನ್ನ ರೀತಿಯಲ್ಲಿ ಒಪ್ಪಿಕೊಂಡಿದೆ. 1,25,000ದ ಕಡಿತಕ್ಕೆ ಶೇ. 30ರ ಹಂತದಲ್ಲಿ ಸೆಸ್ ಸೇರಿ ಉಳಿಯುವುದು 39,000 ರೂಪಾಯಿ. ಆ ಮೊತ್ತಕ್ಕಾಗಿ ಯಾರೂ ತಮ್ಮನನ್ನು ಸಾಕುವುದಿಲ್ಲ. ಯಾವುದಕ್ಕಾಗಿ ಕರ್ಮ ಮಾಡಿದೆವೋ ಅದು ಫಲ, ಇದು ಫಲವಲ್ಲ.

ಹಾಗಾದರೆ ಇದೇನು? ಮನುಷ್ಯ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಸಾಲಗಾರನಾಗಿಯೇ ಹುಟ್ಟುತ್ತಾನೆಂಬ ಮಾತು ನಮ್ಮ ಮನೆಗಳಲ್ಲಿ ಹಳೆಯದು. ಶತಪಥ ಬ್ರಾಹ್ಮಣ ಇದಕ್ಕೆ ನಾಲ್ಕನೆಯದನ್ನು ಸೇರಿಸುತ್ತದೆ: ಮನುಷ್ಯರಿಗೆ ಸಲ್ಲಬೇಕಾದ ಋಣ. ಆಶ್ರಯ ಕೊಟ್ಟು, ಅನ್ನ ಕೊಟ್ಟು ತೀರಿಸುವಂಥದ್ದು. ತಮ್ಮನ ಆರೈಕೆಯನ್ನು ಆ ಋಣವೆಂದು ತಿಳಿದರೆ ಪುಣ್ಯ ಕಳೆಯುವ ಭಯವೇ ಇಲ್ಲ. ಸಾಲ ತೀರಿಸಿದವರಿಗೆ ಯಾರೂ ಪುಣ್ಯ ಬರೆದಿಡುವುದಿಲ್ಲ. ಆ ಸಾಲ ನಮ್ಮೊಂದೇ ಮನೆಯದೂ ಅಲ್ಲ. ಅವನು ಈ ಊರಿನವನು, ಈ ದೇಶದವನು. ಉಳಿದವರೂ ತಮ್ಮ ಪಾಲನ್ನು ಹೊರುವ ದಾರಿ ಈ ಕಡಿತ. 2020ರಲ್ಲಿ ಬಂದ ಹೊಸ ತೆರಿಗೆ ಪದ್ಧತಿಯಲ್ಲಿ ಈ ಕಡಿತವಿಲ್ಲ, ದರ ಮಾತ್ರ ಕಡಿಮೆ. ಹಲವರಿಗೆ ಅದರಿಂದ ಹಣ ಹೆಚ್ಚು ಉಳಿಯಬಹುದು. ಆದರೆ ಅಲ್ಲಿ ನನ್ನ ತಮ್ಮನಂಥವರು ಲೆಕ್ಕಕ್ಕೇ ಬರುವುದಿಲ್ಲ. ಆ ನಷ್ಟ ನನ್ನನ್ನು ಕಾಡುತ್ತದೆ.

ಅದಕ್ಕಿಂತ ಹೆಚ್ಚು ಕಾಡುವವಳು ನಾನು ಕಚೇರಿಗೆ ಹೋದಾಗ ಅವನನ್ನು ನೋಡಿಕೊಳ್ಳುವ ಕೆಲಸದಾಕೆ. ಅವಳು ಭಾಂಡುಪ್‌ನಿಂದ ಬರುತ್ತಾಳೆ. ಮೂರು ವರ್ಷದ ಮಗಳನ್ನು ಪಾಳಣಾಘರದಲ್ಲಿ, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರದಲ್ಲಿ, ಬಿಟ್ಟು ಬರುತ್ತಾಳೆ. ಶಾಲೆಯ ಬೋಧನಾ ಶುಲ್ಕಕ್ಕೆ ಕಡಿತವಿದೆ, ಪಾಳಣಾಘರದ ಶುಲ್ಕಕ್ಕೆ ಯಾವ ಕಡಿತವೂ ಇಲ್ಲ. ಇದ್ದರೂ ಆದಾಯ ತೆರಿಗೆ ಕಟ್ಟುವಷ್ಟು ಸಂಬಳವಿಲ್ಲದ ಅವಳಿಗೆ ಅದು ಮುಟ್ಟದು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ಅವಳು ದುಡಿಯುವ ಜಾಗ ನನ್ನ ಮನೆ. ನನ್ನ ತಮ್ಮನ ಆರೈಕೆ ನಡೆಯುತ್ತಿರುವುದೇ ಆ ಮಗು ತಾಯಿಯನ್ನು ಬಿಟ್ಟಿರುವುದರಿಂದ.

ಆದ್ದರಿಂದ ಅಮ್ಮನಿಗೆ ನಾನು ಹೇಳುವುದಿಷ್ಟು: ಕಡಿತ ಕೇಳುವುದು ತಪ್ಪಲ್ಲ, ಕೇಳಿ ಅಲ್ಲಿಗೇ ನಿಲ್ಲುವುದು ತಪ್ಪು. ನಮಗೆ ಉಳಿದ ಹಣದಲ್ಲಿ ಆ ಮಗುವಿನ ಪಾಳಣಾಘರದ ಶುಲ್ಕ ಹೋಗಬೇಕು, ದಾನವೆಂದಲ್ಲ, ಬಾಕಿಯೆಂದು. ಅಂಥ ತಾಯಂದಿರಿಗೂ ಸರ್ಕಾರ ನೇರವಾಗಿ ಕೊಡುವಂತಾಗಬೇಕೆಂದು ನಾವೇ ಕೇಳಬೇಕು. ಮನುಷ್ಯರ ಋಣ ನಮ್ಮ ರಕ್ತಸಂಬಂಧಕ್ಕೇ ಮುಗಿದರೆ ಅದನ್ನು ಪಿತೃಋಣದಿಂದ ಬೇರೆಯಾಗಿ ಎಣಿಸಬೇಕಾದ ಅಗತ್ಯವೇ ಇರಲಿಲ್ಲ.