ಜೀರ್ಣೋದ್ಧಾರದ ಧರ್ಮ

ಮನುಷ್ಯನು ಉಳಿಸಿಕೊಳ್ಳಬೇಕೆಂದು ಬಯಸುವುದೆಲ್ಲವೂ ಯಾವುದಾದರೊಂದು ಪಾತ್ರೆಯನ್ನು ಆಶ್ರಯಿಸಿಯೇ ಇರತಕ್ಕದ್ದು. ಕಾವ್ಯಕ್ಕೆ ಓಲೆ, ಶಾಸನಕ್ಕೆ ಕಲ್ಲು, ಲೆಕ್ಕಕ್ಕೆ ಕಡತ, ನೆನಪಿಗೆ ದೇಹ. ಇಟ್ಟ ವಸ್ತುವಿಗೆ ಮುಪ್ಪಿಲ್ಲದಿದ್ದರೂ ಇಟ್ಟ ಪಾತ್ರೆಗೆ ಮುಪ್ಪುಂಟು. ಓಲೆಯನ್ನು ಹುಳು ತಿನ್ನುತ್ತದೆ. ಕಡತದ ಅಂಚು ಮುರಿಯುತ್ತದೆ. ಕಲ್ಲು ಸಹ ಮಳೆಗಾಳಿಗೆ ಸವೆಯುತ್ತದೆ. ಆದುದರಿಂದಲೇ ಹಿಂದಿನವರು ಹೊಸತನ್ನು ಕಟ್ಟುವುದನ್ನು ಹೇಗೋ ಹಾಗೆಯೇ ಹಳತನ್ನು ಎತ್ತಿ ನಿಲ್ಲಿಸುವುದನ್ನೂ ಪುಣ್ಯಕಾರ್ಯವೆಂದೆಣಿಸಿ ಅದನ್ನು ಜೀರ್ಣೋದ್ಧಾರವೆಂದು ಕರೆದರು. ದಾನ ಕೊಡುವುದಕ್ಕಿಂತಲೂ ಕೊಟ್ಟುದನ್ನು ಪಾಲಿಸುವುದು ಮೇಲೆಂಬ ಅರ್ಥದ ಮಾತು ಕನ್ನಡ ನಾಡಿನ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವುದನ್ನು ಶಾಸನಗಳನ್ನು ಓದಿದವರು ಬಲ್ಲರು.

ಈ ಹಳೆಯ ಧರ್ಮವು ಈಗ ದೇವಾಲಯದ ಪ್ರಾಕಾರವನ್ನು ದಾಟಿ ಸಾಮಾನ್ಯ ಗೃಹಸ್ಥನ ನಡುಮನೆಗೆ ಬಂದಿದೆ. ವಿಚಾರವು ಸ್ಪಷ್ಟವಾಗುವುದಕ್ಕೆ ಒಂದು ಮನೆಯನ್ನು ದೃಷ್ಟಾಂತವಾಗಿ ಇಟ್ಟುಕೊಳ್ಳಬಹುದು. ಆ ಮನೆಯಲ್ಲಿ ಪುಸ್ತಕದ ಬೀರುವಿನ ಪಕ್ಕದಲ್ಲಿ ಅಕ್ಕಿಯ ಡಬ್ಬಿಯಷ್ಟು ದೊಡ್ಡದಾದ ಒಂದು ಪೆಟ್ಟಿಗೆಯಿದೆ. ಮನೆಯವರೆಲ್ಲರ ಕಡತಗಳನ್ನೂ ಚಿತ್ರಗಳನ್ನೂ ಒಂದೆಡೆ ಇಟ್ಟು, ಕೇಳಿದವರಿಗೆ ಕೇಳಿದಾಗ ಒದಗಿಸುವ ಸರ್ವರ್ ಅದು. ಅದರೊಳಗೆ 4 ಟೆರಾಬೈಟಿನ ನಾಲ್ಕು ಹಾರ್ಡ್ ಡಿಸ್ಕುಗಳು ಒಂಬತ್ತು ವರ್ಷಗಳಿಂದ ಹಗಲಿರುಳೂ ತಿರುಗುತ್ತಿವೆ. ಜಮೀನಿನ ಪತ್ರಗಳ ನಕಲು, ಮದುವೆ ಮುಂಜಿಗಳ ಚಿತ್ರ, ಮಕ್ಕಳ ತೊದಲುನುಡಿ, ಇವೆಲ್ಲ ಅಲ್ಲಿವೆ. ಎಲ್ಲಕ್ಕೂ ಮಿಗಿಲಾಗಿ, ಗತಿಸಿದ ಯಜಮಾನರು ತಮ್ಮ ಕೊನೆಯ ವರ್ಷದಲ್ಲಿ ಭಾರತವಾಚನ ಮಾಡಿದ ಏಳು ಗಂಟೆಗಳ ಧ್ವನಿಯು ಅಲ್ಲಿದೆ. ಅದಕ್ಕೆ ಬೇರೆ ಪ್ರತಿಯಿಲ್ಲ.

ಒಂದು ದಿನ ಮೂರನೆಯ ಡಿಸ್ಕು ಕೆಡುತ್ತಿರುವುದೆಂದು ಯಂತ್ರವೇ ತಿಳಿಸಿತು. ಡಿಸ್ಕಿನೊಳಗೆ ಗಾಜಿನ ಇಲ್ಲವೆ ಅಲ್ಯುಮಿನಿಯಮ್ಮಿನ ತಟ್ಟೆಗಳು ನಿಮಿಷಕ್ಕೆ 5400 ಇಲ್ಲವೆ 7200 ಸುತ್ತು ತಿರುಗುತ್ತವೆ. ಕಾಂತಶಕ್ತಿಯಿಂದ ಓದಿ ಬರೆಯುವ ಸೂಕ್ಷ್ಮವಾದ ತಲೆಯೊಂದು ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಮೆಯ ಅಂತರದಲ್ಲಿ ತೇಲುತ್ತದೆ. ತಟ್ಟೆಯ ಯಾವುದಾದರೂ ತುಣುಕು ಕೆಟ್ಟರೆ ಡಿಸ್ಕು ಅದನ್ನು ತ್ಯಜಿಸಿ, ಮೀಸಲಾಗಿಟ್ಟ ಬೇರೊಂದು ತುಣುಕನ್ನು ಬಳಸಿಕೊಂಡು, ತ್ಯಜಿಸಿದುದರ ಲೆಕ್ಕವನ್ನು ಮೌನವಾಗಿ ಇಡುತ್ತ ಹೋಗುತ್ತದೆ. ಹೊರಗಿನಿಂದ ನೋಡುವವನಿಗೆ ಏನೂ ತೋರದು. ಕೇಳಿದ ಚಿತ್ರ ಕೇಳಿದಾಗ ಬರುತ್ತಲೇ ಇರುತ್ತದೆ. ಲೆಕ್ಕ ಮಾತ್ರ ಏರುತ್ತಿರುತ್ತದೆ. ಸಂಸಾರದ ಭಾರವನ್ನು ಹೊತ್ತ ಹಿರಿಯರು ತಮ್ಮ ನೋವನ್ನು ಹೇಳಿಕೊಳ್ಳದೆ ನಡೆದಾಡುವಂತೆಯೇ ಇದು.

ಈ ಸುದ್ದಿಯಿಂದ ಮನೆಯಲ್ಲಿ ಮೂರು ಅಭಿಪ್ರಾಯಗಳು ಹುಟ್ಟಿದುವು. ಹಿರಿಯ ಮಗನದು ಮಿತವ್ಯಯದ ಪಕ್ಷ: ನಡೆಯುತ್ತಿರುವ ವಸ್ತುವನ್ನು ಎಸೆಯುವುದು ಅನ್ಯಾಯ, ಅದು ಪೂರ್ತಿ ನಿಂತ ಮೇಲೆ ನೋಡಿದರಾಯಿತು. ಮಗಳದು ತ್ಯಾಗದ ಪಕ್ಷ: ಪೆಟ್ಟಿಗೆಯೇ ಹಳತಾಗಿದೆ, ಹತ್ತಾರು ಸಾವಿರ ಚಿತ್ರಗಳನ್ನು ಯಾರೂ ನೋಡುವುದಿಲ್ಲ, ಎಲ್ಲವನ್ನೂ ಹೀಗೆ ಹೊತ್ತು ತಿರುಗುವುದೇಕೆ? ತಾಯಿಯು ಕೇಳಿದುದು ಒಂದೇ ಮಾತು: "ಹೊಸದನ್ನು ಹಾಕಿದಮೇಲೂ ಅದು ಅವರದೇ ದನಿಯೇನಪ್ಪ?" ನೋಡುವುದಕ್ಕೆ ಇದು ಯಂತ್ರವನ್ನು ಅರಿಯದವರ ಪ್ರಶ್ನೆ, ವಿಚಾರಿಸಿದರೆ ಮೂರರಲ್ಲಿ ಅತ್ಯಂತ ಗಂಭೀರವಾದುದು ಇದೇ. ಆದುದರಿಂದ ಇದನ್ನೇ ಮೊದಲು ಎತ್ತಿಕೊಳ್ಳುವುದು ಯುಕ್ತ.

ಅಂಗಗಳನ್ನು ಬದಲಾಯಿಸಿದ ವಸ್ತುವು ಅದೇ ವಸ್ತುವೋ ಬೇರೆಯೋ ಎಂಬ ವಿವಾದ ಬಹು ಹಳೆಯದು. ಥೀಸಿಯಸನ ಹಡಗನ್ನು ಅಥೆನ್ಸಿನವರು ಕೊಳೆತ ಹಲಗೆಗಳನ್ನು ತೆಗೆದು ಹೊಸ ಹಲಗೆಗಳನ್ನು ಜೋಡಿಸುತ್ತ ಕಾಪಾಡಿದರೆಂದೂ, ಅದು ಅದೇ ಹಡಗೆಂದು ಕೆಲವರು, ಅಲ್ಲವೆಂದು ಕೆಲವರು ವಾದಿಸಿದರೆಂದೂ ಪ್ಲುಟಾರ್ಕನು ಬರೆದಿದ್ದಾನೆ. ಮಿಲಿಂದಪ್ರಶ್ನದಲ್ಲಿ ನಾಗಸೇನ ಭಿಕ್ಷುವು ರಾಜನನ್ನು, ಚಕ್ರವು ರಥವೇ, ಅಚ್ಚು ರಥವೇ ಎಂದು ಕೇಳುತ್ತ ಹೋಗಿ, ರಥವೆಂಬುದು ಅಂಗಗಳ ಕೂಟಕ್ಕೆ ಇಟ್ಟ ಹೆಸರಲ್ಲದೆ ಬೇರೆಯಲ್ಲವೆಂದು ಒಪ್ಪಿಸುತ್ತಾನೆ. ಪುರಿಯ ಜಗನ್ನಾಥಕ್ಷೇತ್ರದಲ್ಲಿ ದಾರುಮೂರ್ತಿಗಳನ್ನು ಬದಲಾಯಿಸುವ ನವಕಳೇಬರವು 1996ರಲ್ಲಿಯೂ 2015ರಲ್ಲಿಯೂ ನಡೆಯಿತು. ಅಲ್ಲಿ ಹಳೆಯ ಮೂರ್ತಿಯೊಳಗಿನ ಬ್ರಹ್ಮಪದಾರ್ಥವನ್ನು ಹೊಸ ಮೂರ್ತಿಗೆ ಸೇರಿಸಿ, ಹಳೆಯ ದಾರುವನ್ನು ಭೂಮಿಗೆ ಒಪ್ಪಿಸುತ್ತಾರೆ. ದೇಹ ಬೇರೆಯಾದರೂ ದೇವರು ಅದೇ ಎಂಬುದಕ್ಕೆ ಭಕ್ತರಿಗೆ ಅಲ್ಲಿ ಒಂದು ಆಧಾರವುಂಟು: ಯಾವುದೋ ಒಂದು ವಸ್ತುವು ಕೈಯಿಂದ ಕೈಗೆ ದಾಟಿದೆ.

ಡಿಸ್ಕಿನ ಸಂಗತಿಯು ಇದಕ್ಕಿಂತಲೂ ವಿಚಿತ್ರವಾದುದು. ಹಲವು ಡಿಸ್ಕುಗಳನ್ನು ಒಂದು ಕೂಟವಾಗಿ ಕಟ್ಟಿ ಒಂದರ ಅಳಿವನ್ನು ಉಳಿದವು ತುಂಬಿಕೊಡುವಂತೆ ಮಾಡುವ ಏರ್ಪಾಡಿಗೆ 'ರೇಡ್' ಎಂದು ಹೆಸರು. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಪ್ರಕಟಿಸಿದ ಲೇಖನದಿಂದ ಆ ಹೆಸರು ಪ್ರಸಿದ್ಧವಾಯಿತು. ಅದರ ತತ್ತ್ವವನ್ನು ಬಾಯಿಲೆಕ್ಕದಿಂದ ತಿಳಿಯಬಹುದು. 5, 8, 4 ಎಂಬ ಮೂರು ಸಂಖ್ಯೆಗಳನ್ನು ಮೂರು ಕಡೆ ಬರೆದಿಟ್ಟು, ಅವುಗಳ ಮೊತ್ತವಾದ 17ನ್ನು ನಾಲ್ಕನೆಯ ಕಡೆ ಬರೆದಿಡಬೇಕು. 8 ಅಳಿಸಿಹೋದರೆ 17ರಲ್ಲಿ 5ನ್ನೂ 4ನ್ನೂ ಕಳೆದು ಅದನ್ನು ಮರಳಿ ಪಡೆಯಬಹುದು. ಯಂತ್ರವು ಮೊತ್ತದ ಬದಲು ಸರಿಬೆಸಗಳ ಲೆಕ್ಕವನ್ನು ಇಡುತ್ತದೆ, ಮತ್ತು ಆ ಲೆಕ್ಕವನ್ನು ನಾಲ್ಕು ಡಿಸ್ಕುಗಳಲ್ಲಿಯೂ ಹಂಚಿಡುತ್ತದೆ. ನ್ಯಾಯ ಮಾತ್ರ ಇದೇ. ಹಳೆಯ ಡಿಸ್ಕನ್ನು ಹೊರಗೆ ತೆಗೆದು ಹೊಸದನ್ನು ಇಟ್ಟಾಗ, ಹಳೆಯದರಿಂದ ಒಂದಕ್ಷರವೂ ಹೊಸದಕ್ಕೆ ದಾಟುವುದಿಲ್ಲ. ಉಳಿದ ಮೂವರು ಸಂಗಡಿಗರು ತಮ್ಮಲ್ಲಿರುವುದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಿ ಹೇಳುತ್ತಾರೆ. ಹೋದವನು ಏನು ಹೇಳುತ್ತಿದ್ದನೆಂಬುದು ಅದರಿಂದ ಸಿದ್ಧವಾಗಿ ಹೊಸಬನ ಮೇಲೆ ಬರೆಯಲ್ಪಡುತ್ತದೆ.

ಹಾಗಾದರೆ ತಾಯಿಯ ಪ್ರಶ್ನೆಗೆ ಉತ್ತರವೇನು? ಯಜಮಾನರ ಧ್ವನಿಯು ಮೊದಲಿಗಾದರೂ ಆ ಮೂರನೆಯ ಡಿಸ್ಕಿನಲ್ಲಿ ಇದ್ದಿತೇ? ಇರಲಿಲ್ಲ. ಅದು ನಾಲ್ಕರಲ್ಲಿಯೂ ಹರಡಿ, ಯಾವೊಂದರಲ್ಲಿಯೂ ಪೂರ್ಣವಾಗಿಲ್ಲದೆ, ಅವುಗಳ ಪರಸ್ಪರ ಸಂಬಂಧದಲ್ಲಿ ಇದ್ದಿತು. ಒಬ್ಬ ಹಿರಿಯರು ತೀರಿದಮೇಲೆ ಅವರ ಸ್ವಭಾವವು ಮನೆಯಲ್ಲಿ ಉಳಿಯುವುದೂ ಇದೇ ರೀತಿಯಲ್ಲಲ್ಲವೆ? ಒಬ್ಬರಿಗೆ ಅವರ ಕೋಪ ನೆನಪು, ಒಬ್ಬರಿಗೆ ನಗೆ, ಒಬ್ಬರಿಗೆ ಅವರು ಓದಿಸಿದ ಪದ್ಯ. ಎಲ್ಲರೂ ಕೂಡಿ ಕುಳಿತು ಮಾತಾಡಿದಾಗ, ಅವರನ್ನು ಕಾಣದ ಮೊಮ್ಮಗುವಿಗೂ ಅವರ ಮುಖ ಮೂಡುತ್ತದೆ. ಆದುದರಿಂದ ಅದು ಅವರದೇ ದನಿ ಎನ್ನುವುದು ನ್ಯಾಯ. ಆದರೆ ಈ ಉತ್ತರದಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ಸಂಬಂಧದಲ್ಲಿ ಬದುಕುವ ವಸ್ತುವು ಸಂಬಂಧವು ಹರಿದರೆ ಸಾಯುತ್ತದೆ. ಈ ಕೂಟವು ಒಬ್ಬನ ಅಳಿವನ್ನು ಸಹಿಸುತ್ತದೆ. ಒಟ್ಟಿಗೆ ಇಬ್ಬರ ಅಳಿವನ್ನು ಸಹಿಸದು.

ಹಿರಿಯ ಮಗನ ಪಕ್ಷವು ತಪ್ಪಾಗುವುದು ಇಲ್ಲಿಯೇ. ಮಿತವ್ಯಯವು ಸದ್ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಡಿಸ್ಕು ಪೂರ್ತಿ ನಿಂತಮೇಲೆ ಕೂಟಕ್ಕೆ ಆಸರೆಯಿಲ್ಲ. ಪುನರ್ನಿರ್ಮಾಣದ ಹನ್ನೊಂದು ಹನ್ನೆರಡು ಗಂಟೆಗಳ ಕಾಲ ಉಳಿದ ಮೂರು ಎಡೆಬಿಡದೆ ದುಡಿಯಬೇಕು. ಆ ಮೂರಾದರೂ ಎಂಥವು? ಅದೇ ದಿನ ಕೊಂಡವು, ಅದೇ ಒಂಬತ್ತು ವರ್ಷ ತಿರುಗಿದವು. ತಯಾರಕರು ಡಿಸ್ಕಿಗೆ ಹೊಣೆ ನಿಲ್ಲುವುದು ಬಹುಮಟ್ಟಿಗೆ 2ರಿಂದ 5 ವರ್ಷ ಮಾತ್ರ. ಮುದುಕನೊಬ್ಬನು ಬಿದ್ದ ದಿನವೇ ಅವನ ಸಮವಯಸ್ಕರ ಮೇಲೆ ಇಮ್ಮಡಿ ಹೊರೆ ಹೊರಿಸಿದಂತಾಗುತ್ತದೆ. ಮುನ್ಸೂಚನೆ ಬಂದಮೇಲೂ ಕಾಯುವುದು ಮಿತವ್ಯಯವಲ್ಲ, ಜೂಜು. ತನ್ನ ಹಣದಿಂದ ಜೂಜಾಡುವವನು ತನಗೆ ಮಾತ್ರ ಕೇಡು ಮಾಡಿಕೊಂಡಾನು. ಇಲ್ಲಿ ಪಣಕ್ಕೆ ಇಟ್ಟಿರುವುದು ತೀರಿಹೋದವರದು ಮತ್ತು ಮುಂದೆ ಹುಟ್ಟುವವರದು. ಅವರಿಬ್ಬರಿಗೂ ಬಾಯಿಲ್ಲ. ಬಾಯಿಲ್ಲದವರ ಸೊತ್ತಿಗೆ ಪಾಲಕನಾದವನು ತನ್ನ ಸೊತ್ತಿಗಿಂತ ಹೆಚ್ಚು ಜಾಗರೂಕನಾಗಿರಬೇಕೆಂಬುದು ಲೋಕನೀತಿ.

ಇನ್ನು ಮಗಳ ಪಕ್ಷ. ಮರೆವೂ ಪ್ರಕೃತಿಯ ಒಂದು ಕರುಣೆ. ಎಲ್ಲವನ್ನೂ ಹೊತ್ತವನು ನಡೆಯಲಾರನು ಎಂಬುದು ಒಪ್ಪತಕ್ಕ ಮಾತೇ. ಓಲೆಯ ಕಾಲದಲ್ಲಿ ನಕಲು ಮಾಡುವುದು ಕಷ್ಟವಾಗಿದ್ದುದರಿಂದಲೇ ಆಯ್ಕೆಯು ತಾನಾಗಿ ನಡೆಯುತ್ತಿದ್ದಿತು. ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಅಷ್ಟು ಕೈಗಳ ದುಡಿಮೆಯನ್ನು ಯಾರೂ ಹುಲ್ಲುಕಡ್ಡಿಗಾಗಿ ವ್ಯಯ ಮಾಡರು; ಇದು ಉಳಿಯಬೇಕು ಎಂಬ ನಿಶ್ಚಯ ಅದರ ಹಿಂದೆ ಇದ್ದಿತು. ಈಗ ನಕಲು ಸುಲಭವಾದುದರಿಂದ ನಿಶ್ಚಯವು ದುರ್ಬಲವಾಗಿದೆ. ಮಂಕಾದ ನೂರು ಚಿತ್ರಗಳ ಕೆಳಗೆ ಒಂದು ಒಳ್ಳೆಯ ಚಿತ್ರ ಹೂತುಹೋಗಿದೆ. ಆದರೆ ಇದರಿಂದ ಸಿದ್ಧವಾಗುವುದು ಆರಿಸಬೇಕೆಂಬುದು, ತೊರೆಯಬೇಕೆಂಬುದಲ್ಲ. ಇಂದಿನವನಿಗೆ ಬೇಡವಾದುದು ಎಂದೆಂದಿಗೂ ಬೇಡವೆಂದು ಹೇಳುವ ಅಧಿಕಾರವೂ ಅವನಿಗೆ ಪೂರ್ಣವಾಗಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಬಹುಕಾಲ ಹೆಸರಿನಿಂದ ಮಾತ್ರ ತಿಳಿದಿದ್ದಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ಅದರ ಓಲೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಲಾಗಿ, ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಆ ಕಟ್ಟನ್ನು ತಲೆಮಾರಿನಿಂದ ತಲೆಮಾರಿಗೆ ಒಪ್ಪಿಸಿಕೊಂಡು ಬಂದವರ ಹೆಸರುಗಳನ್ನು ಲೋಕವು ಸ್ಮರಿಸುವುದಿಲ್ಲ. ಅವರು ಮಾಡಿದುದು ಇಷ್ಟೇ: ತಮ್ಮ ಸರದಿ ಬಂದಾಗ ಕಟ್ಟನ್ನು ಕೈಬಿಡಲಿಲ್ಲ.

ಆದರೆ ಪ್ರತಿ ಮಾಡುವವನಿಗೆ ಇನ್ನೊಂದು ವಿವೇಕವೂ ಬೇಕು. ಡಿಸ್ಕುಗಳ ಕೂಟವು ಒಂದರ ಮುಪ್ಪಿನಿಂದ ಕಾಪಾಡುತ್ತದೆಯೇ ಹೊರತು ಮನುಷ್ಯನ ತಪ್ಪಿನಿಂದ ಕಾಪಾಡುವುದಿಲ್ಲ. ಕೈತಪ್ಪಿ ಒಂದು ಕಡತವನ್ನು ಅಳಿಸಿದರೆ, ಆ ಅಳಿಸುವಿಕೆಯನ್ನೂ ಅದು ಅಷ್ಟೇ ನಿಷ್ಠೆಯಿಂದ ನಾಲ್ಕರಲ್ಲಿಯೂ ನಡೆಯಿಸುತ್ತದೆ. ನಿಷ್ಠೆ ಬೇರೆ, ವಿವೇಕ ಬೇರೆ. ತಪ್ಪನ್ನು ಸಹ ತಪ್ಪಿಲ್ಲದೆ ನಕಲು ಮಾಡುವ ಲಿಪಿಕಾರನಂತಿರುವ ಸಂಪ್ರದಾಯಗಳೂ ಲೋಕದಲ್ಲಿ ಉಂಟಷ್ಟೆ. ಆದುದರಿಂದ ಕೂಟದ ಹೊರಗೆ, ಅದರ ಏಳುಬೀಳುಗಳು ಮುಟ್ಟದ ಬೇರೊಂದು ಊರಿನಲ್ಲಿ, ಒಂದು ಸ್ವತಂತ್ರವಾದ ಪ್ರತಿಯಿರುವುದು ಅವಶ್ಯ.

ಆ ಮನೆಯವರು ಕೊನೆಗೆ ಮಾಡಿದುದು ಮೂರು ಪಕ್ಷಗಳನ್ನೂ ಗೌರವಿಸುವಂತಹುದಾಗಿದ್ದಿತು. ಮೊದಲು ಮಗಳು ಎರಡು ವಾರ ಕುಳಿತು ಆರಿಸತಕ್ಕುದನ್ನು ಆರಿಸಿ, ಅದರ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಇಳಿಸಿ ಸೋದರಮಾವನ ಊರಿಗೆ ಕಳುಹಿಸಿದಳು. ಅನಂತರ ಹಿರಿಯ ಮಗನು ಕೆಟ್ಟ ಡಿಸ್ಕಿನ ಕ್ರಮಸಂಖ್ಯೆಯನ್ನು ಯಂತ್ರದ ವರದಿಯಿಂದ ಕಾಗದದ ಮೇಲೆ ಬರೆದುಕೊಂಡು, ಡಿಸ್ಕಿನ ಮೈಮೇಲಿನ ಚೀಟಿಯೊಡನೆ ಎರಡು ಸಾರಿ ತಾಳೆ ನೋಡಿದನು. ಕೆಟ್ಟುದೆಂದು ಭ್ರಮಿಸಿ ಒಳ್ಳೆಯದನ್ನು ಕಿತ್ತರೆ ರೋಗಿಯೇ ಮನೆಗೆ ಆಧಾರಸ್ತಂಭವಾಗಿ ನಿಲ್ಲಬೇಕಾಗುತ್ತದೆ. ಸುಧಾರಣೆ ಮಾಡಹೊರಟವರು ಈ ತಪ್ಪನ್ನು ಯಂತ್ರದಲ್ಲಿ ಮಾತ್ರವೇ ಮಾಡುವುದಿಲ್ಲ. ರಾತ್ರಿಯೆಲ್ಲ ಪೆಟ್ಟಿಗೆಯು ದುಡಿಯಿತು. ಬೆಳಗಾಗುವ ಹೊತ್ತಿಗೆ ಕೂಟವು ಪೂರ್ಣವಾಗಿದ್ದಿತು.

ಹಳೆಯ ಡಿಸ್ಕಿಗೆ ಸಲ್ಲಬೇಕಾದುದೂ ಒಂದು ಉಳಿದಿದ್ದಿತು. ಅಳಿಸಿದೆನೆಂದು ಮನುಷ್ಯನು ತಿಳಿದಾಗ ಸಾಮಾನ್ಯವಾಗಿ ಅಳಿದಿರುವುದು ಸೂಚಿ ಮಾತ್ರ. ಬರೆಹವು ತಟ್ಟೆಯ ಮೇಲೆ ಹಾಗೆಯೇ ಇರುತ್ತದೆ. ಮನೆಯ ಗುಟ್ಟಿನ ಜೊತೆಗೆ ನಂಟರಿಷ್ಟರ ಗುಟ್ಟುಗಳೂ ಅದರಲ್ಲಿ ಸೇರಿರುವುವಾದುದರಿಂದ, ಅದನ್ನು ಆದ್ಯಂತವಾಗಿ ಮೇಲೆ ಬರೆದು ಅಳಿಸಿ, ಅನಂತರವೇ ವಿದ್ಯುನ್ಮಾನದ ಹಳೆಯ ಸಾಮಾನುಗಳನ್ನು ಕ್ರಮವಾಗಿ ಬಿಡಿಸುವವರಿಗೆ ಒಪ್ಪಿಸಿದರು.

ಆ ಸಂಜೆ ತಾಯಿಯು ಭಾರತವಾಚನದ ಒಂದು ಸಂಧಿಯನ್ನು ಹಾಕಿಸಿ ಕೇಳಿದರು. ನಡುವೆ ಒಂದು ಕಡೆ ಯಜಮಾನರು ಕೆಮ್ಮಿ, ನೀರು ಕೇಳಿ, ಮತ್ತೆ ಮೊದಲಿನಿಂದ ಪದ್ಯವನ್ನು ಎತ್ತಿಕೊಂಡಿದ್ದರು. ಅದೂ ಹಾಗೆಯೇ ಉಳಿದಿದ್ದಿತು. ಆಕೆ ಮತ್ತೆ ಪ್ರಶ್ನೆ ಕೇಳಲಿಲ್ಲ.

ಹೊಸ ಡಿಸ್ಕೂ ಸವೆಯುವುದು. ಕೆಲವು ವರ್ಷಗಳಲ್ಲಿ ಇದೇ ಕೆಲಸ ಮತ್ತೆ ಬರುವುದು. ಆದುದರಿಂದ ಜೀರ್ಣೋದ್ಧಾರದ ಧರ್ಮವು ಡಿಸ್ಕನ್ನು ಬದಲಾಯಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಯಾವ ಡಿಸ್ಕನ್ನು ಎಂದು ಇಟ್ಟುದು, ಬೀಗದ ಗುಪ್ತಪದವೇನು, ಪ್ರತಿಯು ಯಾವ ಊರಿನಲ್ಲಿದೆ ಎಂಬುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು, ಮನೆಯ ಹದಿನಾಲ್ಕು ವರ್ಷದ ಹುಡುಗಿಗೆ ಓದಿ ತೋರಿಸಿ, ಪತ್ರಗಳ ಪೆಟ್ಟಿಗೆಯಲ್ಲಿ ಇಟ್ಟರು. ಪಾತ್ರೆಯನ್ನು ಎಷ್ಟು ಬಲಪಡಿಸಿದರೂ, ಅದನ್ನು ಬಲ್ಲವನು ಒಬ್ಬನೇ ಆದರೆ, ಮನೆಯ ಸಂಪತ್ತೆಲ್ಲ ಒಂದು ಉಸಿರಿನ ಮೇಲೆ ನಿಂತಂತೆ. ಉಳಿಸುವ ಕೆಲಸದಲ್ಲಿ ಕಡೆಯದಾಗಿ ಉಳಿಸಬೇಕಾದುದು ಉಳಿಸಬಲ್ಲವರನ್ನೇ.