ನೋವು ನಿವಾರಿಸುವುದು ಅವಿಶ್ವಾಸವೇ?



ಕ್ಯಾನ್ಸರ್‌ನಿಂದ ನರಳುವ ತಾಯಿಗೆ ವೈದ್ಯರು ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಆದರೆ ಕೊಡಲು ಮನೆಯವರಿಗೆ ಧೈರ್ಯವಿಲ್ಲ. "ಚಟವಾದೀತು" ಎನ್ನುತ್ತಾನೆ ಮಗ. "ಕೊಟ್ಟರೆ ಬೇಗ ಹೋಗಿಬಿಡುತ್ತಾರಂತೆ" ಎನ್ನುತ್ತಾಳೆ ಸೊಸೆ. "ಪ್ರಭುವಿನ ಶಿಲುಬೆಯನ್ನು ನೆನೆದು ಸಹಿಸಿಕೊಳ್ಳಲಿ" ಎನ್ನುತ್ತಾರೆ ನೆಂಟರು. ಎಲ್ಲರೂ ಪ್ರೀತಿಯಿಂದಲೇ ಹೇಳುವವರು. ಆದರೆ ರಾತ್ರಿಯೆಲ್ಲ ಹಲ್ಲು ಕಚ್ಚಿಕೊಂಡು ಮಲಗಿರುವವರು ಆ ತಾಯಿ ಒಬ್ಬರೇ. ಇಂಥ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟಿಲ್ಲ?

ನಮ್ಮ ಯಾತನೆಯನ್ನು ಕ್ರಿಸ್ತರ ಯಾತನೆಯೊಂದಿಗೆ ಸೇರಿಸಿ ಅರ್ಪಿಸಬಹುದು ಎಂಬುದು ನಮ್ಮ ವಿಶ್ವಾಸ. ಜಗದ್ಗುರು ಎರಡನೆಯ ಜಾನ್ ಪಾಲರು 1984ರ 'ಸಾಲ್ವಿಫಿಚಿ ದೊಲೋರಿಸ್' ಪತ್ರದಲ್ಲಿ ಇದನ್ನೇ ಬೋಧಿಸಿದರು. ಅದೇ ಪತ್ರದಲ್ಲಿ ಸದಯ ಸಮಾರಿಯದವನ ಕುರಿತು ಒಂದು ಇಡೀ ಅಧ್ಯಾಯವಿದೆ ಎಂಬುದನ್ನು ನಾವು ಮರೆಯುತ್ತೇವೆ. ದಾರಿಯಲ್ಲಿ ಬಿದ್ದವನಿಗೆ ಆತ ತಾಳ್ಮೆಯ ಉಪದೇಶ ಮಾಡಲಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಚ್ಚಿ ಕಟ್ಟಿದ.

ಗೊಲ್ಗೊಥಾದಲ್ಲಿ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಯೇಸುಸ್ವಾಮಿ ಕುಡಿಯಲಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ. ಅದು ಅವರ ಸ್ವಂತ ನೋವು, ಅವರ ಸ್ವಂತ ನಿರ್ಧಾರ. ತಮ್ಮ ಬಳಿಗೆ ಬಂದ ರೋಗಿಗಳನ್ನು ಮಾತ್ರ ಅವರು ಗುಣಪಡಿಸಿದರು. ಸ್ವಂತ ಮನಸ್ಸಿನಿಂದ ಹೊತ್ತದ್ದು ಶಿಲುಬೆ; ಪರರ ಹೆಗಲಿಗೆ ನಾವು ಹೊರಿಸಿದ್ದು ಬರಿಯ ಹೊರೆ.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1957ರ ಫೆಬ್ರವರಿ 24ರಂದು ಜಗದ್ಗುರು ಹನ್ನೆರಡನೆಯ ಪಿಯುಸರು ಅರಿವಳಿಕೆ ವೈದ್ಯರಿಗೆ ಉತ್ತರಿಸುತ್ತಾ, ಬೇರೆ ಉಪಾಯವಿಲ್ಲದಿದ್ದಾಗ ಮಾದಕ ಔಷಧದಿಂದ ನೋವು ನಿವಾರಿಸಬಹುದು, ಅದರಿಂದ ಪ್ರಜ್ಞೆ ಮಂಕಾದರೂ ಆಯುಸ್ಸು ಕುಗ್ಗಿದರೂ ಸರಿಯೇ ಎಂದರು. ಆದರೆ ರೋಗಿಯು ತನ್ನ ಧಾರ್ಮಿಕ, ನೈತಿಕ ಕರ್ತವ್ಯಗಳನ್ನು ಪೂರೈಸಲು ಅಡ್ಡಿಯಾಗಬಾರದು. ಇಂದಿನ ಧರ್ಮೋಪದೇಶ ಗ್ರಂಥದ 2279ನೇ ಪರಿಚ್ಛೇದವೂ ಇದನ್ನೇ ಹೇಳುತ್ತದೆ. ಇಲ್ಲಿ ಉದ್ದೇಶ ಮುಖ್ಯ. ನೋವು ತಗ್ಗಿಸಲು ಕೊಡುವುದು ಒಂದು. ಸಾಯಿಸಲೆಂದು ಕೊಡುವುದು ಬೇರೆ, ಅದು ಕೊಲೆಯೇ. ವಾಸ್ತವದಲ್ಲಿ ವೈದ್ಯರು ಅಳೆದು ಕೊಡುವ ಮಾರ್ಫಿನ್ ಸಾಮಾನ್ಯವಾಗಿ ಸಾವನ್ನು ಹತ್ತಿರ ತರುವುದಿಲ್ಲ. ಅವರ ನಿಗಾ ಇದ್ದಲ್ಲಿ ಅಂಥ ರೋಗಿಗಳಿಗೆ ಚಟ ಹತ್ತುವುದೂ ವಿರಳ.

ಹಾಗಾದರೆ ಭಯಕ್ಕೆ ಕಾರಣವೇ ಇಲ್ಲವೇ? ಇದೆ. 1897ರಲ್ಲಿ ಲಿಸಿಯೂ ಮಠದಲ್ಲಿ ಕ್ಷಯರೋಗದಿಂದ ಮರಣಶಯ್ಯೆಯಲ್ಲಿದ್ದ ಸಂತ ತೆರೇಸಾ, ಇಂಥ ತೀವ್ರ ನೋವಿನಲ್ಲಿರುವವರ ಹತ್ತಿರ ವಿಷಕಾರಿ ಔಷಧಗಳನ್ನು ಇಡಬೇಡಿ ಎಂದು ಶುಶ್ರೂಷೆ ಮಾಡುವವರನ್ನು ಎಚ್ಚರಿಸಿದರು. ನೋವು ಸಂತರ ಮನಸ್ಸನ್ನೂ ಅಲುಗಾಡಿಸಬಲ್ಲದು ಎಂದರೆ, ನಮ್ಮ ಮನೆಯ ರೋಗಿಯನ್ನು ಅವಿಶ್ವಾಸಿ ಎನ್ನಲು ನಾವು ಯಾರು? ಔಷಧವನ್ನು ಹೇಗೆ ಕಾಯಬೇಕೆಂಬ ಪಾಠವೂ ಆ ಮಾತಿನಲ್ಲಿದೆ.

ಬೀಗ ಹಾಕಿದ ಕಪಾಟಿನಲ್ಲಿ ಮಾತ್ರೆಗಳನ್ನಿಡಿ. ಕೊಟ್ಟ ಹೊತ್ತನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ನೋವು ತಡೆಯಲಾರದಷ್ಟು ಏರುವವರೆಗೆ ಕಾಯದೆ, ವೈದ್ಯರು ಹೇಳಿದ ಹೊತ್ತಿಗೆ ಕೊಡಿ. ಸಾಲದೆನಿಸಿದರೆ ವೈದ್ಯರನ್ನು ಕೇಳಿ. ನೀವಾಗಿಯೇ ಹೆಚ್ಚಿಸಬೇಡಿ, ಇದ್ದಕ್ಕಿದ್ದಂತೆ ನಿಲ್ಲಿಸಲೂಬೇಡಿ. ಮಾರ್ಫಿನ್, ಟ್ರಮಡಾಲ್‌ಗಳೊಡನೆ ಮದ್ಯವಾಗಲಿ ವೈದ್ಯರು ಹೇಳದ ನಿದ್ದೆಮಾತ್ರೆಯಾಗಲಿ ಸೇರಿದರೆ ಉಸಿರೇ ನಿಲ್ಲಬಹುದು. ಪ್ಯಾರಾಸಿಟಮಾಲ್ ಕೂಡ ಮಿತಿಮೀರಿದರೆ ಯಕೃತ್ತನ್ನು ಕೆಡಿಸುತ್ತದೆ. ಅನೇಕ ನೆಗಡಿ ಮಾತ್ರೆಗಳಲ್ಲೂ ಅದಿರುವುದರಿಂದ ತಿಳಿಯದೆ ಎರಡು ಪಟ್ಟು ಸೇರೀತು. ಪಕ್ಕದ ಮನೆಯವರ ಸೊಂಟನೋವಿಗೆ ನಿಮ್ಮ ಮಾತ್ರೆ ಕೊಡುವುದು ಪರೋಪಕಾರವಲ್ಲ. ಉಳಿದ ಮಾತ್ರೆಗಳನ್ನು ಆಸ್ಪತ್ರೆಗೆ ಹಿಂದಿರುಗಿಸಿ. ಅವು ಮಕ್ಕಳ ಕೈಗೆ ಸಿಕ್ಕರೆ ಆ ಹೊಣೆ ನಿಮ್ಮದೇ.

ನಮ್ಮ ದೇಶದಲ್ಲಿ 1985ರ ಮಾದಕ ದ್ರವ್ಯ ಕಾಯಿದೆಯ ಬಿಗಿಯಿಂದಾಗಿ ಅನೇಕ ಆಸ್ಪತ್ರೆಗಳಲ್ಲಿ ಮಾರ್ಫಿನ್ ಸಿಗದಂತಾಗಿತ್ತು. 2014ರ ತಿದ್ದುಪಡಿ ಮಾನ್ಯತೆ ಪಡೆದ ಸಂಸ್ಥೆಗಳಿಗೆ ದಾರಿ ಸುಗಮ ಮಾಡಿತು. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆಯಿದೆ. ಕಾನೂನು ತೆರೆದ ಬಾಗಿಲನ್ನು ನಮ್ಮ ಭಯ ಮುಚ್ಚದಿರಲಿ.

ಇನ್ನೊಂದು ಮಾತು. ಔಷಧದಿಂದ ಮಂಪರು ಬರಬಹುದು. ಆದ್ದರಿಂದ ರೋಗಿಗೆ ಎಚ್ಚರವಿರುವಾಗಲೇ ಗುರುಗಳನ್ನು ಕರೆಯಿರಿ. ಪಾಪನಿವೇದನೆ, ರೋಗಿಗಳ ಅಭ್ಯಂಗ, ಪರಮಪ್ರಸಾದ ಕೊನೆಯುಸಿರಿನ ತನಕ ಕಾಯಬೇಕಾದವುಗಳಲ್ಲ.

ನೋವು ತುಸು ತಗ್ಗಿದಾಗ ಆ ತಾಯಿ ಮೊಮ್ಮಕ್ಕಳ ಮಾತು ಕೇಳಿಸಿಕೊಳ್ಳಬಲ್ಲಳು, ಜಪಸರದ ಒಂದೆರಡು ಮಣಿಯಾದರೂ ಎಣಿಸಬಲ್ಲಳು. ಪ್ರಾರ್ಥಿಸಲೂ ಬಿಡದ ನೋವನ್ನು ತಗ್ಗಿಸುವ ಕೈ ಪ್ರಭುವಿನ ಕೈಗೆ ಸಹಾಯಕವೇ ಸರಿ. ಇಂದು ರಾತ್ರಿ ಆ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಿ. ಕೊಟ್ಟು ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತಿರಿ.