ಸಂಜೆ ಬಿಚ್ಚುವ ಕೈ

ಸ್ವಾತಂತ್ರ್ಯ ದಿನ ಹತ್ತಿರ ಬಂದಾಗ ಶಾಲೆಗಳಲ್ಲಿ ಧ್ವಜದ ಹಗ್ಗ ಬದಲಾಯಿಸುವ ಕೆಲಸ ಬರುತ್ತದೆ. ಉಳವಿಯ ಸುತ್ತಮುತ್ತ (ಚೆನ್ನಬಸವಣ್ಣನವರ ಉಳವಿಯಲ್ಲ, ನಮ್ಮ ಸೊರಬ ತಾಲ್ಲೂಕಿನದು) ಆ ಹೊತ್ತಿಗೆ ಆಶ್ಲೇಷಾ ಮಳೆ. ನೂಲಿನ ಹಗ್ಗ ನೀರು ಕುಡಿದು ಉಬ್ಬುತ್ತದೆ, ಗಿಡ್ಡವಾಗುತ್ತದೆ. ಬೆಳಿಗ್ಗೆಯ ಗಂಟು ಸಂಜೆಗೆ ಕಗ್ಗಂಟು. ನೈಲಾನ್ ಆದರೆ ನೆನೆದು ಸಡಿಲವಾಗುತ್ತದೆ, ಜಾರುತ್ತದೆ. ಅಂಗಡಿಯಲ್ಲಿ ಎಲ್ಲರೂ ವಿಚಾರಿಸುವುದು ತುದಿಯ ರಾಟೆಯನ್ನು. ಕೆಳಗೆ ಹಗ್ಗ ಕಟ್ಟಲು ಏನಿದೆ ಎಂದು ಯಾರೂ ಕೇಳುವುದಿಲ್ಲ. ಕಂಬಕ್ಕೇ ನಾಲ್ಕು ಸುತ್ತು ಸುತ್ತಿ ಗಂಟು ಬಿಗಿದರೆ ಮುಗಿಯಿತು.

ಹಾಯಿದೋಣಿಯವರು ಹಾಗೆ ಮಾಡುವಂತಿಲ್ಲ. ಗಾಳಿ ಕೆರಳಿದಾಗ ಹಾಯಿ ತಕ್ಷಣ ಇಳಿಯಬೇಕು, ಗಂಟು ಬಿಚ್ಚುತ್ತ ಕೂರಲು ಪುರುಸೊತ್ತಿಲ್ಲ. ಅದಕ್ಕೇ ಅವರದು ಎರಡು ಕೊಂಬಿನ ಕ್ಲೀಟ್. ಬುಡಕ್ಕೊಂದು ಸುತ್ತು, ಆಮೇಲೆ ಕೊಂಬಿನಿಂದ ಕೊಂಬಿಗೆ ಅಡ್ಡಡ್ಡ ಎಂಟರಂತೆ ಎರಡು ಸುತ್ತು. (ಕನ್ನಡದ ೮ ಅಲ್ಲ, ಇಂಗ್ಲಿಷಿನ 8.) ಕೊನೆಯ ಸುತ್ತನ್ನು ತಿರುವಿ ಕೊಂಬಿಗೆ ಸಿಕ್ಕಿಸಿದರೆ ಸಾಕು. ಹಗ್ಗವನ್ನು ಹಿಡಿದಿಡುವುದು ಘರ್ಷಣೆ. ಬಿಚ್ಚಲು ಒಂದು ಕೈ ಸಾಕು. ಧ್ವಜಸ್ತಂಭಕ್ಕೂ ಇದೇ ಸರಿ. 6 ಮಿಲಿಮೀಟರ್ ದಪ್ಪದ ಹಗ್ಗವಾದರೆ ಸುಮಾರು 4 ಇಂಚಿನದು ಬೇಕು. ಚಿಕ್ಕದಾದರೆ ಸುತ್ತುಗಳು ಒಂದರ ಮೇಲೊಂದು ಏರಿ ಸಿಕ್ಕಿಕೊಳ್ಳುತ್ತವೆ. ಕಬ್ಬಿಣದ್ದು ಬೇಡ, ತುಕ್ಕಿನ ಒರಟು ಹಗ್ಗವನ್ನು ತಿನ್ನುತ್ತದೆ. ಅಂಚು ನುಣುಪಾದ ಸ್ಟೀಲಿನದನ್ನು ನಟ್ಟು ಬೋಲ್ಟು ಹಾಕಿ ಕೂರಿಸಿದರೆ ವರ್ಷಗಟ್ಟಲೆ ನಿಲ್ಲುತ್ತದೆ.

ಧ್ವಜವನ್ನು ಚುರುಕಾಗಿ ಏರಿಸಬೇಕು, ನಿಧಾನವಾಗಿ ಗೌರವದಿಂದ ಇಳಿಸಬೇಕು ಎನ್ನುತ್ತದೆ ಧ್ವಜ ಸಂಹಿತೆ. ಏರಿಸುವಾಗ ಊರಿನ ಗಣ್ಯರು, ಭಾಷಣ, ಸಿಹಿ ಎಲ್ಲ ಇರುತ್ತದೆ. ಇಳಿಸುವ ಹೊತ್ತಿಗೆ ಇರುವವರು ಜವಾನರೋ, ಮನೆ ಹತ್ತಿರವಿರುವ ಮೇಷ್ಟ್ರೋ. ಮಳೆಯಲ್ಲಿ ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೇರೆಯವರ ಕಗ್ಗಂಟನ್ನು ಉಗುರಿನಿಂದ ಕೆದಕುವವರಿಂದ ಗಾಂಭೀರ್ಯ ಬಯಸುವುದು ಹೇಗೆ? ಆ ಸಂಜೆಯ ಇಳಿಸುವಿಕೆಯೂ ನಮಗೆ ಸುಮ್ಮನೆ ದಕ್ಕಿದ್ದಲ್ಲ. ಪಕ್ಕದ ಶಿಕಾರಿಪುರ ತಾಲ್ಲೂಕಿನ ಈಸೂರಿನವರು 1942ರಲ್ಲಿ ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿ ತಮ್ಮ ಊರು ಸ್ವತಂತ್ರವೆಂದು ಸಾರಿದರು. ಆಮೇಲೆ ಅವರಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಬಾವುಟವನ್ನು ಯಾರೂ ಕಿತ್ತುಹಾಕದಿದ್ದರೆ ಸಾಕೆಂಬ ಕಾಲ ಅದು. ಸಂಜೆ ನಾವೇ ಸಾವಕಾಶವಾಗಿ ಇಳಿಸಿ, ಮಡಿಸಿ, ಬೀರುವಿನಲ್ಲಿಡುವ ಭಾಗ್ಯವನ್ನು ನಮಗೆ ಕೊಟ್ಟವರು ಅಂಥವರೇ.

ಬಿಚ್ಚುವವರನ್ನು ನೆನೆಯದೆ ಬಿಗಿಯುವುದು ಧ್ವಜದ ಹಗ್ಗದಲ್ಲಷ್ಟೇ ಅಲ್ಲ. ಗೃಹಸ್ಥರಾದ ನಾವೂ ಭದ್ರಪಡಿಸುವುದರಲ್ಲಿ ಜಾಣರು: ವಿಮೆಯ ಕಾಗದ, ಬ್ಯಾಂಕಿನ ಪುಸ್ತಕ ಎಷ್ಟು ಜೋಪಾನವೆಂದರೆ, ಬೇಕಾದ ದಿನ ಮನೆಯವರಿಗೇ ಸಿಗುವುದಿಲ್ಲ. ಅವನ್ನು ಎಲ್ಲಿಟ್ಟಿದ್ದೇವೆಂದು ಇವತ್ತು ರಾತ್ರಿ ಊಟದ ಹೊತ್ತಿಗೆ ಹೇಳಿಬಿಡಬಹುದು. ಶಾಲೆಯ ಕ್ಲೀಟನ್ನು ಕೂರಿಸುವ ಮುಂಚೆ ಮಾತ್ರ ಸಂಜೆ ಇಳಿಸುವವರನ್ನೇ ಕಂಬದ ಹತ್ತಿರ ನಿಲ್ಲಿಸಿ ಅಳತೆ ತೆಗೆದುಕೊಳ್ಳಿ. ಅವರ ಕೈಗೆ ಎಟುಕಬೇಕು, ಒಂದನೇ ತರಗತಿಯ ಪೋರರಿಗೆ ಎಟುಕಬಾರದು.